ಡೆಲ್ಫ್ಟ್ ಕಾಲುವೆಗೆ ಇಳಿದ ಕಾಕಾ

ಕಾಲುವೆ ಕೆಲಸದವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಅವು ನಗಬಾರದ ಹೊತ್ತಿನಲ್ಲೇ ಬಂದು ನಿಲ್ಲುತ್ತವೆ.

ನಾನು ಶಹಾಪುರದಲ್ಲಿ ಕಾಲುವೆ ಎಂಜಿನಿಯರ್ ಆಗಿದ್ದಾಗ, ನೀರಿನ ಕೆಲಸ ನೋಡಿ ಬನ್ನಿ ಎಂದು ನಮ್ಮ ಕೆಲವರನ್ನು ಹಾಲೆಂಡಿಗೆ ಕಳಿಸಿದರು. ಜೊತೆಗೆ ಸುರಪುರ ಕಡೆಯ ರೈತ ಸಂಘದ ಅಧ್ಯಕ್ಷರೂ ಇದ್ದರು. ಎಲ್ಲರಿಗೂ ಅವರು ಕಾಕಾ. ಎರಡು ವರ್ಷದ ಹಿಂದೆ ಅವರ ಹೆಂಡತಿ ಕಾಲುವೆಯಲ್ಲಿ ಕೌದಿ ಒಗೆಯುವಾಗ, ನೀರು ಕುಡಿದು ಭಾರವಾದ ಕೌದಿ ಎಳೆದ ರಭಸಕ್ಕೆ ಒಳಗೆ ಜಾರಿ ತೀರಿಕೊಂಡಿದ್ದರು. ಅದಾದ ಮೇಲೆ, ಅಲ್ಲಿ ಇಳಿದು ಹತ್ತಲು ಪಾವಟಿಗೆ ಕಟ್ಟಿಸಿಕೊಡಿ ಎಂದು ಕಾಕಾ ಮೂರು ಅರ್ಜಿ ಕೊಟ್ಟಿದ್ದರು. ಮೂರಕ್ಕೂ 'ಅವಕಾಶವಿಲ್ಲ' ಎಂದು ಬರೆದವನು ನಾನೇ. ರಜೆಯ ದಿನ ಡೆಲ್ಫ್ಟ್ ಎಂಬ ಹಳೇ ಊರು ನೋಡಲು ಹೊರಟಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತರು. ನನಗೆ ಕಿಟಕಿ ಬಿಟ್ಟು ಬೇರೆ ಕಡೆ ನೋಡುವ ಧೈರ್ಯವಾಗಲಿಲ್ಲ.

೧. ಯಾರ ಪಾಳಿ?

ಊರ ತುಂಬ ಕಾಲುವೆ, ದಂಡೆಯ ತನಕ ನೀರು.

"ಇವತ್ತು ಯಾರ ಪಾಳಿ ರೀ?" ಎಂದರು ಕಾಕಾ. ನಮ್ಮಲ್ಲಿ ಹೊಲಕ್ಕೆ ನೀರು ಪಾಳಿಯ ಮೇಲೆ, ಪಾಳಿಗೊಂದು ಜಗಳ.

"ಇಲ್ಲಿ ಪಾಳಿ ಇಲ್ಲ ಕಾಕಾ. ಈ ನೀರು ಯಾರ ಹೊಲಕ್ಕೂ ಹೋಗೂದಿಲ್ಲ."

ದಂಡೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದವರನ್ನು ಕಾಕಾ ಕೈ ಮಾಡಿ ತೋರಿಸಿದರು.

"ಇಷ್ಟು ನೀರು ಇಟ್ಕೊಂಡು ಜಗಳಾನ ಇಲ್ಲ ಅಂದ್ರ, ಇವರಿಗಿ ಹೊತ್ತರ ಹ್ಯಾಂಗ ಹೋಗ್ತದ್ರಿ?"

೨. ಉಡಿ

ಕಾಲುವೆಗೆ ಹೊಸ ನೀರು ಬಂದಾಗ ನಮ್ಮ ಹೆಣ್ಣುಮಕ್ಕಳು ಗಂಗವ್ವನಿಗೆ ಉಡಿ ತುಂಬುತ್ತಾರೆ. ಕಾಕಾ ಊರಿಂದಲೇ ಹಸಿರು ಕುಪ್ಪಸದ ಬಟ್ಟೆ, ಅಕ್ಕಿ, ಅರಿಷಿಣ ತಂದಿದ್ದರು.

"ಪ್ರತಿ ವರ್ಷ ನಮ್ಮಾಕೀನ ತುಂಬ್ತಿದ್ಲು. ಗಂಡಸು ನಾ ಹ್ಯಾಂಗ ತುಂಬಲಿ? ಊರು ತೋರಸಾಕ ಬಂದಾಳಲ್ಲ, ಆ ಅಕ್ಕಾಗ ಹೇಳ್ರಿ. ಮೊದಲು ಮುತ್ತೈದಿ ಹೌದೋ ಅಲ್ಲೋ ಕೇಳ್ರಿ."

ನಾಚಿಕೊಂಡೇ ಕೇಳಿದೆ. ತನಗೆ ಎರಡು ಸಲ ಮದುವೆಯಾಗಿದೆ, ಈಗಿನ ಗಂಡ ಮನೆಯಲ್ಲಿದ್ದಾನೆ ಎಂದಳು ಆಕೆ. ಅದನ್ನೇ ಕಾಕಾಗೆ ಹೇಳಿದೆ.

"ಡಬಲ್ ಮುತ್ತೈದಿ!" ಎಂದರು ಕಾಕಾ. "ಇನ್ನೂ ಛಲೋ ಆತು, ಕೊಡ್ರಿ."

ಆಕೆ ಎರಡೂ ಕೈಯಲ್ಲಿ ಹಿಡಿದು, ಅವರು ತೋರಿಸಿದಂತೆಯೇ ನೀರಿಗೆ ಬಿಟ್ಟಳು. ಕಾಕಾ ಟೋಪಿ ತೆಗೆದು ನಿಂತರು.

೩. ನಿಚ್ಚಣಿಕೆ

ಕಾಲುವೆಯ ಗೋಡೆಗೆ ಅಲ್ಲಲ್ಲಿ ಕಬ್ಬಿಣದ ನಿಚ್ಚಣಿಕೆ ಬಡಿದಿದ್ದರು. ಯಾಕೆ ಎಂದು ಕಾಕಾ ನನ್ನಿಂದ ಕೇಳಿಸಿದರು. ಯಾರಾದರೂ ಬಿದ್ದರೆ ಹತ್ತಿ ಬರಲಿ ಅಂತ, ಎಂದಳು ಊರು ತೋರಿಸುವಾಕೆ. ಕಾಕಾ ಬಗ್ಗಿ ಅದರ ಮೆಟ್ಟಿಲು ಎಣಿಸಿದರು.

ನಾನು ಚರ್ಚಿನ ಫೋಟೋ ತೆಗೆದು ತಿರುಗುವಷ್ಟರಲ್ಲಿ ಜನ ಕೂಗುತ್ತಿದ್ದರು. ಕಾಕಾ ನಿಚ್ಚಣಿಕೆ ಇಳಿದು ಸೊಂಟದ ತನಕ ನೀರಲ್ಲಿದ್ದರು, ಧೋತರ ಸುತ್ತಲೂ ತೇಲುತ್ತಿತ್ತು. ಒಬ್ಬ ತೇಲುವ ಟ್ಯೂಬ್ ಎಸೆದ, ಇನ್ನೊಬ್ಬ ನೀರಿಗೆ ಹಾರಲು ಬೂಟು ಬಿಚ್ಚತೊಡಗಿದ. ಕಾಕಾ ಯಾರ ಕೈಯನ್ನೂ ಹಿಡಿಯದೆ ಒಂದೊಂದೇ ಮೆಟ್ಟಿಲು ಹತ್ತಿ ಬಂದರು.

"ಹತ್ತಾಕ ಬರ್ತದ್ರಿ ಸಾಹೇಬ್ರ," ಎಂದರು ನಡುಗುತ್ತ. "ಆಕಿಗಿ ಈಸು ಬರ್ತಿತ್ತು. ಹಿಡಕೊಳ್ಳಾಕ ಏನೂ ಸಿಗಲಿಲ್ಲ, ಅಷ್ಟ."

ಅಷ್ಟರಲ್ಲಿ ಪೊಲೀಸಿನವನು ಬಂದ. ನಿಚ್ಚಣಿಕೆ ಹತ್ತಿ ನೋಡಲು ಇಳಿದಿದ್ದರು ಎಂದೆ. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಳಿದರು, ನಿಮ್ಮ ದೇಶದ ಕಾಲುವೆಗಳಿಗೆ ನಿಚ್ಚಣಿಕೆ ಇಲ್ಲವೇ ಎಂದು ನನ್ನನ್ನು ಕೇಳಿದ.

"ಏನಂತಾನ್ರಿ?" ಎಂದರು ಕಾಕಾ. ಹೇಳಿದೆ.

"ಅದಾವ ಅನ್ರಿ. ಪರದೇಶದಾಗ ನಿಮ್ಮ ಮಾನ ಯಾಕ ಹೋಗಬೇಕು?"

"ಇವೆ," ಎಂದೆ ಪೊಲೀಸಿನವನಿಗೆ. ಅವನು ಸಮಾಧಾನದಿಂದ ನಕ್ಕು ಹೊರಟುಹೋದ.

ಕಾಕಾ ಧೋತರದ ಚುಂಗು ಹಿಂಡುತ್ತ, ನನ್ನ ಮುಖ ನೋಡದೆ ಹೇಳಿದರು: "ಸುಳ್ಳು ಹೇಳಿಬಿಟ್ರಲ್ರಿ ಸಾಹೇಬ್ರ. ಊರಿಗಿ ಹೋಗಿ ಇನ್ನ ಖರೆ ಮಾಡ್ರಿ."