ಎಲ್ಲಿಗಂತ ಕೇಳ್ರಿ, ವೈನಿ

ನಮ್ಮ ಮೈದುನಗ ತಲಿ ಸರಿ ಇಲ್ಲ. ಇದನ್ನ ನಾ ಹದಿನೈದು ವರ್ಷದಿಂದ ಬೆಟಗೇರಿ ಓಣಿ ತುಂಬ ಹೇಳಕೋತ ಬಂದೀನಿ, ಒಬ್ರೂ ನಂಬೂದಿಲ್ಲ. ಹೆಂಗ ನಂಬ್ತಾರ? ಎದಿ ಮ್ಯಾಲ ದೇಶದ ಹೆಸರು ಬರಸ್ಕೊಂಡು ಪರದೇಶದಾಗ ಓಡಿ ಬಂದಾವ, ಪೇಪರಿನ್ಯಾಗ ಫೋಟೋ ಬಂದಾವ. ಅಂಥಾವನ ಮುಂದ ಅವನ ಅಣ್ಣನ ಹೆಂಡತಿ, ಈ ವೈನಿ ಮಾತು ಯಾರು ಕೇಳ್ತಾರ? ಆದ್ರ ಫೋಟೋ ತಗದವ್ರು ಅವನ ಜೋಡಿ ಒಂದ ಮನ್ಯಾಗ ಎಂಟು ದಿನ ಇದ್ದು ನೋಡಿಲ್ಲ, ಅಷ್ಟ!

ಅವನ ಆಟಕ್ಕ ಟ್ರಯಥ್ಲಾನ್ ಅಂತಾರ. ಮೊದಲ ಈಸಬೇಕು. ನೀರಿನಿಂದ ಎದ್ದು ಬಂದು ಸೈಕಲ್ ಹೊಡೀಬೇಕು. ಸೈಕಲ್ ಇಟ್ಟು ಓಡಬೇಕು. ನಡುವ ಕುಂಡ್ರೂದಿಲ್ಲ, ಎರಡು ತುತ್ತು ಉಣ್ಣೂದಿಲ್ಲ, ಉಸ್ಸಂತ ಒಂದು ದಮ್ಮು ತಗೊಳ್ಳೂದೂ ಇಲ್ಲ. ಇದನ್ನ ಅವ ಮೊದಲ ಸಲ ಮನ್ಯಾಗ ವಿವರಿಸಿದಾಗ ನಮ್ಮ ಅತ್ತಿ ಮಗ್ಗದ ನೂಲು ಸುತ್ತಕೋತ ಕುಂತಿದ್ರು. ಎಲ್ಲಾ ಸಮಾಧಾನದಿಂದ ಕೇಳಿ ಅಂದ್ರು, "ಅಲ್ಲೋ ಯಪ್ಪಾ, ಆ ಊರಿಗೆ ಬಸ್ ಇಲ್ಲೇನು?"

ನೀರಿನಿಂದ ಎದ್ದು ಸೈಕಲ್ ಹತ್ತೂತನಕ ಒಂದು ಗಳಿಗಿನೂ ಹಾಳಾಗಬಾರದಂತ. ಅದಕ್ಕ ನಮ್ಮ ಮನಿ ಬಚ್ಚಲದಾಗ ತಾಲೀಮು! ಒಮ್ಮೆ ಶಿರಹಟ್ಟಿಯಿಂದ ಹೆಣ್ಣಿನವ್ರು ಹುಡುಗನ್ನ ನೋಡಾಕ ಬಂದಿದ್ರು. ಪಡಸಾಲ್ಯಾಗ ಅವಲಕ್ಕಿ ಪ್ಲೇಟು ಕೈಯಾಗ ಹಿಡಕೊಂಡು ಕುಂತಾರ, ಬಚ್ಚಲ ಬಾಗಲಾ ಧಡ್ ಅಂತು. ಚಡ್ಡಿ ಮ್ಯಾಲ ನೀರು ಸುರಿಸ್ಕೋತ ಓಡಿ ಬಂದಾ ನಮ್ಮ ವರಾ! ಮೊದಲ ಹೆಲ್ಮೆಟ್ ಹಾಕ್ಕೊಂಡಾ, ಆಮ್ಯಾಲ ಬೂಟು, ಸೈಕಲ್ ಹಿಡಕೊಂಡು ಒಂದ ಜಿಗತಕ್ಕ ಹೊಸಲ ದಾಟಿ ಹ್ವಾದಾ. ಬಂದವ್ರು ಅವಲಕ್ಕಿ ಬಾಯಾಗ ಹಂಗ ಇಟ್ಕೊಂಡು ಕುಂತ್ರು.

"ಹುಡುಗ ಯಾವಾಗ ಬರ್ತಾನ್ರಿ?"

"ಮುಂಡರಗಿ ಮುಟ್ಟಿ ಬರ್ತಾನ್ರಿ. ನೀವು ಚಾ ತಗೋರಿ," ಅಂದೆ.

ಚಾ ಕುಡದು ಹ್ವಾದ್ರು. ಇನ್ನತನಕ ಅವರ ಖಬರಿಲ್ಲ.

ಬಚ್ಚಲದಾಗ ಇಷ್ಟು ಗಡಬಿಡಿ ಮಾಡೂ ಮನಷ್ಯಾ ರಸ್ತಾದಾಗ ಏನು ಮಾಡ್ತಾನ ಗೊತ್ತೇನ್ರಿ? ನಿಂದರ್ತಾನ! ಗದಗಿನಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂಡರಗಿ, ತಿರುಗಿ ಗದಗು. ಇಷ್ಟು ಒಂದು ಸುತ್ತು ಸೈಕಲ್ ಹೊಡಿಯೂದು ಅವಗ ಹೂ ಎತ್ತಿದಷ್ಟು ಹಗುರ. ಆದ್ರ ಯಾರ ಮಾತಾಡಿಸಿದ್ರೂ ಒಂದು ಕಾಲು ನೆಲಕ್ಕ ಊರಿ ಉತ್ತರಾ ಕೊಡಬೇಕು. ಲಕ್ಷ್ಮೇಶ್ವರದಾಗ ಪಂಚರ್ ತಗಿಯೂ ಚಾಚಾ "ಈ ಗಾಲಿ ಒಂದೀಟು ಹಿಡಿ ಬೇಟಾ" ಅಂದ್ರ ಹಿಡೀತಾನ. ಶಿರಹಟ್ಟಿ ದಾಟಿದ ಮ್ಯಾಲ ಒಬ್ಬ ಅಜ್ಜ ಅವನ ಸೈಕಲ್ ಸುತ್ತ ತಿರಗ್ಯಾಡಿ ತನಿಖಿ ಮಾಡಿದ್ನಂತ.

"ಕ್ಯಾರಿಯರ್ ಇಲ್ಲೇನೋ ತಮ್ಮಾ?"

"ಇಲ್ರಿ ಅಜ್ಜಾ."

"ಸ್ಟ್ಯಾಂಡು?"

"ಇಲ್ರಿ."

"ಮಡ್‌ಗಾರ್ಡು?"

"ಅದೂ ಇಲ್ರಿ."

"ಇರಲಿ ಬಿಡು, ಚಿಂತಿ ಮಾಡಬ್ಯಾಡ. ಕೈಯಾಗ ರೊಕ್ಕ ಬಂದಂಗ ಒಂದೊಂದ ಹಾಕಿಸ್ಕೋ."

ಆ ಸೈಕಲ್ಲಿನ ಕಿಮ್ಮತ್ತಿನ್ಯಾಗ ಅಜ್ಜನ ಎತ್ತಿನ ಜೋಡಿನ ಬರತಿತ್ತು! ಇವ ಮಾತ್ರ "ಹೂನ್ರಿ ಅಜ್ಜಾ" ಅಂದು ಕೈ ಮುಗದು ಬಂದಾನ. "ಯಾಕ ನಿಂದರ್ತೀ? ತಾಲೀಮು ಹಾಳಾಗೂದಿಲ್ಲೇನು?" ಅಂತ ನಾ ಬೈದ್ರ, "ವೈನಿ, ಕೇಳಿದವ್ರಿಗೆ ಉತ್ತರಾ ಕೊಡದ ಹೋಗಬಾರದ್ರಿ," ಅಂದಾ. ಅಷ್ಟ ಅವನ ಶಾಸ್ತ್ರ.

ಇನ್ನೊಂದು ಹುಚ್ಚು ಹೇಳ್ತೀನಿ, ಕೇಳ್ರಿ. ರಸ್ತಾದಾಗ ಯಾರನ್ನ ಎಲ್ಲಿಗೆ ಅಂತ ಕೇಳಿದ್ರೂ ನಡೀತೈತಿ, ಮನಿ ಹೊಸಲ ದಾಟೂ ಮುಂದ ಮಾತ್ರ ಕೇಳಬಾರದು. ಹೋದ ಕೆಲಸ ಕೆಡತೈತಿ. ಬಾಯಿ ತಪ್ಪಿ ಕೇಳಿದ್ರ, ಹೊಂಟವ್ರು ತಿರುಗಿ ಒಳಗ ಬಂದು, ಕುಂತು, ನೀರೋ ಚಾನೋ ಕುಡದು ಹೋಗಬೇಕು. ಎಲ್ಲಾ ಮನ್ಯಾಗೂ ಇದ ಪದ್ಧತಿ. ನಮ್ಮ ಮೈದುನಂದು ಉಲ್ಟಾ! ನಾ ಕೇಳದ ಹೊರಗ ಕಾಲಿಡೂದಿಲ್ಲ. ಪರದೇಶದಾಗ ನೀರಿಗೆ ಜಿಗಿಯೂ ಮೊದಲ ಫೋನ್ ಮಾಡ್ತಾನ.

"ವೈನಿ, ಕೇಳ್ರಿ."

"ಏನ್ ಕೇಳ್ಲಿ?"

"ಎಲ್ಲಿಗಂತ ಕೇಳ್ರಿ."

"ಎಲ್ಲಿಗೆ ಹೊಂಟೀಪಾ?" ಅಂತೀನಿ. ಆ ಕಡೆ ನಗೂದು ಕೇಳಸತೈತಿ, ಫೋನ್ ಇಡ್ತಾನ. ಇಲ್ಲಿ ನಮ್ಮ ಅತ್ತಿ ಹಣಿ ಹಣಿ ಬಡಕೋತಾರ. ಇದಕ್ಕ ಹುಚ್ಚನ್ನದ ಮತ್ತೇನನ್ನಬೇಕು?

ಆದ್ರ ಅವ ಹುಡುಗ್ಯಾರಿಗೆ ಕಲಸೂದು ನೋಡಿದ್ರ ಮಾತ್ರ ನನ್ನ ಬಾಯಿ ಕಟ್ಟತೈತಿ. ಕುರ್ತಕೋಟ್ಯಾಗ ಒಂದು ಕೃಷಿ ಹೊಂಡ ಐತಿ. ವಾರಕ್ಕ ಮೂರು ದಿನ ಅಲ್ಲಿ ಹೋಗ್ತಾನ. ಕೂಲಿ ಮಾಡವ್ರ ಮಕ್ಕಳು, ರೈತರ ಮಕ್ಕಳು, ಹನ್ನೆರಡು ಮಂದಿ ಹುಡುಗ್ಯಾರು. ಒಣಗಿದ ಸೋರಿ ಬುರುಡಿ ನಡಕ್ಕ ಕಟ್ಟಿ ಈಸು ಕಲಸ್ತಾನ. ತನ್ನ ಹಳೇ ಬೂಟು ಕೊಡ್ತಾನ. ದೊಡ್ಡವಾದ್ರ ಮುಂದ ನಮ್ಮ ಮಗ್ಗದಾಗ ಉಳದ ಚಿಂದಿ ನೂಲು ತುರಕ್ತಾನ. ದೇಶಾ ತಿರಗಿ ಬಂದಾವ ಮಣ್ಣಾಗ ಮಣಕಾಲೂರಿ ಕುಂತು ಹುಡುಗ್ಯಾರ ಬೂಟಿನ ಲಾಡಿ ಕಟ್ಟೂದು ನೋಡಬೇಕು ನೀವು!

ಆ ಹುಡುಗ್ಯಾರೊಳಗ ನೀಲವ್ವ ಅಂತ ಒಬ್ಬಾಕಿ. ಕೂಲಿಯವನ ಮಗಳು. ನೀರಿಗೆ ಬಿದ್ರ ಮೀನ. ಹ್ವಾದ ವರ್ಷ ಮುಂಡರಗಿ ಕಡೆ ಹೊಳಿದಂಡಿ ಮ್ಯಾಲ ಒಂದು ಪಂದ್ಯಾ ಆತು. ನೇಮಿಸಿದ ಟೈಮಿನ್ಯಾಗ ಮುಟ್ಟಿದ ಹುಡುಗ್ಯಾರಿಗೆ ಕ್ರೀಡಾ ಹಾಸ್ಟೆಲ್ಲಿನ್ಯಾಗ ಜಾಗಾ. ನೀಲವ್ವನ ಅಪ್ಪ ಒಂದ ಮಾತು ಹೇಳಿದ್ದ: "ಆರಿಸಿದ್ರ ಓಡಲಿ, ಓದಲಿ. ಇಲ್ಲಂದ್ರ ಶಾಲಿ ಸಾಕು, ಮೆಣಸಿನಕಾಯಿ ಬಿಡಸಾಕ ಬರಲಿ."

ಅದ ದಿನ, ಅದ ರಸ್ತಾದಾಗ ದೊಡ್ಡವ್ರ ಪಂದ್ಯಾನೂ ಇತ್ತು. ಹುಡುಗ್ಯಾರಿಗೆ ಒಂದು ಸುತ್ತು, ದೊಡ್ಡವ್ರಿಗೆ ಎರಡು. ನಮ್ಮ ಮೈದುನ ತನ್ನ ಜಿಲ್ಲಾದಾಗ ಮೊದಲ ಸಲ ಓಡಾವಿದ್ದ; ಅವ ಗೆಲ್ಲೂದು ನೋಡಾಕ ಟ್ರ್ಯಾಕ್ಟರ್ ಮಾಡ್ಕೊಂಡು ಜನಾ ಬಂದಿತ್ತು. ನಾ ದಾರ‍್ಯಾಗಿನ ಒಂದು ಹಳ್ಳ್ಯಾಗ, ನೀಲವ್ವನ ಸ್ವಾದರತ್ತಿ ಮನಿ ಕಟ್ಟಿ ಮ್ಯಾಲ ಕುಂತಿದ್ದೆ.

ನೀಲವ್ವ ಸೈಕಲ್ ಮ್ಯಾಲ ಬಂದ್ಳು, ಗಾಳಿ ಬಂದಂಗ. ಊರ ಅಗಸಿ ಬಾಗಲ ಮುಂದ ಒಬ್ಬ ಮುದುಕ ಕೇಳಿದಾ, "ಯಾರ ಮಗಳವ್ವಾ ನೀ?"

ಬ್ರೇಕ್ ಹಾಕಿದ್ಳು! ಕಾಲು ಊರಿದ್ಳು! "ಕುರ್ತಕೋಟಿ ಬಸಪ್ಪನ ಮಗಳ್ರಿ ಅಜ್ಜಾ."

ನಾಕು ಮಾರು ಬಂದ್ಳೋ ಇಲ್ಲೋ, ಇನ್ನೊಬ್ಬಾಕಿ, "ಅವ್ವ ಆರಾಮ ಅದಾಳೇನಬೇ?"

ಮತ್ತ ಕಾಲು ಊರಿದ್ಳು. "ಆರಾಮ ಅದಾಳ್ರಿ. ನೀವು?"

ಗುರುವಿನ ಪಾಠಾ, ಮತ್ತೇನು! ಕೇಳಿದವ್ರಿಗೆ ಉತ್ತರಾ ಕೊಡದ ಹೋಗಬಾರದಲ್ಲ! ಅಷ್ಟರಾಗ ಸ್ವಾದರತ್ತಿ ತಂಬಗಿ ತುಂಬ ಲಿಂಬಿ ಶರಬತ್ತು ಹಿಡಕೊಂಡು ರಸ್ತಾಕ್ಕ ಇಳದ್ಳು. ಹೊರಗಿನವ್ರು ಕೊಟ್ಟದ್ದು ಒಂದು ಗುಟುಕು ಕುಡದ್ರೂ ಆಟದಿಂದ ಔಟ್. ಪಂದ್ಯಾದ ಪಂಚರು ಸೀಟಿ ಹಿಡಕೊಂಡು ಅಲ್ಲೇ ನಿಂತಾರ. ಅತ್ತಿ ಕೊಟ್ಟದ್ದನ್ನ ಒಲ್ಲೆ ಅನ್ನೂ ಹುಡುಗಿ ನಮ್ಮ ಜಿಲ್ಲಾದಾಗ ಹುಟ್ಟ್ಯಾಳೇನು? "ಬ್ಯಾಡವ್ವಾ" ಅಂತ ನಾ ಒದರೂದು ಆ ಗದ್ದಲದಾಗ ಯಾರ ಕಿವಿಗೆ ಬಿತ್ತು!

ಆಗ ಬಂದಾ ನಮ್ಮ ಮೈದುನ. ಎರಡನೇ ಸುತ್ತು, ಹಿಂದ ಒಬ್ರೂ ಕಣ್ಣಿಗೆ ಕಾಣವಲ್ರು, ಅಷ್ಟು ಮುಂದಿದ್ದ. ಒಂದ ಸಲ ನೋಡಿದಾ. ನೀಲವ್ವನ್ನ ದಾಟಿ, ಸ್ವಾದರತ್ತಿ ಮುಂದ ಸೈಕಲ್ ನಿಲ್ಲಿಸಿದಾ.

"ಅಕ್ಕಾರ, ಭಾಳ ನೀರಡಿಕ್ಯಾಗೈತ್ರಿ. ಅದನ್ನ ನನಗ ಕೊಡ್ರಿ."

ತಂಬಗಿ ಇಸಗೊಂಡು ಕಟ್ಟಿ ಮ್ಯಾಲ ನನ್ನ ಬಾಜೂಕ ಕುಂತು ಗಟಗಟ ಕುಡದಾ. ಅಂಥಾ ಮನಷ್ಯಾ ತಮ್ಮ ಕಟ್ಟಿ ಮ್ಯಾಲ ಕುಂತ್ರ ಕೇಳಬೇಕೇನ್ರಿ? ಇಡೀ ಊರು ಅವನ ಸುತ್ತ ಮುಕರಿತು. ನೀಲವ್ವನ್ನ ಮಾತಾಡಸಾಕ ಒಬ್ರೂ ಉಳೀಲಿಲ್ಲ. ಹುಡುಗಿ ಒಂದು ಗಳಿಗಿ ನಿಂತು ನೋಡಿದ್ಳು. ಇವ ಆಕಿ ಕಡೆ ನೋಡಲೇ ಇಲ್ಲ. ಆಕಿ ಪೆಡಲ್ ತುಳದ್ಳು.

ಪಂಚರು ಬಂದು ಅಳುಮಾರಿ ಮಾಡ್ಕೊಂಡು ಅಂದ್ರು, "ಸರ್, ನೀವು ಔಟ್ ಆದ್ರಿ."

"ಹೌದೇನ್ರಿ? ಹಂಗಾದ್ರ ನೀವೂ ಕುಂಡ್ರಿ, ಇನ್ನೊಂದೀಟು ಉಳದೈತಿ," ಅಂದಾ.

ನೇಮಿಸಿದ ಟೈಮಿಗೆ ಇನ್ನ ಹನ್ನೊಂದು ಸೆಕೆಂಡು ಇರಾಕನ ನೀಲವ್ವ ಓಟಾ ಮುಗಿಸಿ ಮುಟ್ಟಿದ್ಳು.

ಸಂಜಿಮುಂದ ಮನಿಗೆ ಬಂದು ನಾ ಸುಮ್ನಿರಲಿಲ್ಲ. "ಜಿಲ್ಲಾದ ಜನಾ ನಿನ್ನ ನೋಡಾಕ ಬಂದಿತ್ತು. ಒಂದು ತಂಬಗಿ ಶರಬತ್ತಿಗೆ ಕಳಕೊಂಡೆಲ್ಲೋ!" ಅಂದೆ. ಅನ್ನೂ ಮುಂದ ನನಗ ಅಳು ಬಂತು.

"ನಾ ಒಂದು ಕಪ್ಪು ಚಾಕ್ಕ ರೈಲ ಕಳಕೊಂಡೀನಿ ವೈನಿ, ಮರತ್ರೇನು?"

ನನಗ ತಿಳೀಲಿಲ್ಲ. ಆಗ ಹೇಳಿದಾ. ಧಾರವಾಡದಿಂದ ಗದಗ ಬ್ಯಾರೆ ಜಿಲ್ಲಾ ಆದ ವರ್ಷ ನಾ ಲಗ್ನಾಗಿ ಬಂದಾಕಿ. ಬಂದು ಮೂರು ದಿನ ಆಗಿತ್ತು. ಇವ ಏಳನೇತ್ತೆ ನಪಾಸಾಗಿ, ಚೀಲದಾಗ ಎರಡು ಅಂಗಿ ತುಂಬ್ಕೊಂಡು, ಸೋಲಾಪುರ ಗಾಡಿ ಹತ್ತಾಕ ಹೊಂಟಿದ್ನಂತ. ಹೊಸಲ ಮ್ಯಾಲ ನಾ ಬಾಯಿ ತಪ್ಪಿ ಕೇಳಿದೆನಂತ, "ಎಲ್ಲಿಗೆ ಹೊಂಟೀ?" ಅತ್ತಿ ನನ್ನ ಬೈದಿದ್ದು ನೆನಪೈತಿ. ಅವನ್ನ ಒಳಗ ಕರದು, ಕುಂಡ್ರಿಸಿ, ನಾ ಚಾ ಮಾಡಿದ್ದೂ ನೆನಪೈತಿ. ಗಡಬಿಡ್ಯಾಗ ಸಕ್ರಿ ಮರತಿದ್ದೆ.

"ಎಂಟು ದಿನ ಮನ್ಯಾಗ, ಓಣ್ಯಾಗ ಎಲ್ಲಾರೂ ಎಷ್ಟು ನಂಬರ್ ಬಂದಾವು ಅಂತ ಕೇಳಿದ್ರು. ಎಲ್ಲಿಗೆ ಅಂತ ಕೇಳಿದಾಕಿ ನೀವೊಬ್ರ," ಅಂದಾ. "ತಿರುಗಿ ಬರೂ ವಿಚಾರ ಇರಲಿಲ್ರಿ ವೈನಿ. ಚಾ ಮುಗಿಯೂದ್ರಾಗ ಗಾಡಿ ಹ್ವಾತು."

ಹದಿನೈದು ವರ್ಷ ನಾ ಯಾರನ್ನ ಹುಚ್ಚ ಅಂದೆ ನೋಡ್ರಿ.

ಮುಂದ ಹಾಸ್ಟೆಲ್ಲಿಗೆ ಹೋಗೂ ದಿನ ನೀಲವ್ವ ಅಪ್ಪ ಅವ್ವನ ಜೋಡಿ ನಮ್ಮ ಮನಿಗೆ ಬಂದಿದ್ಳು. ಎಲ್ಲಾರ ಕಾಲಿಗೆ ಬಿದ್ದು, ಟ್ರಂಕು ಎತ್ತಕೊಂಡು ಹೊಸಲ ತನಕ ಹೋದ್ಳು. ಬಸ್ಸಿಗೆ ಹೊತ್ತಾಗಿತ್ತು. ಮೈದುನ ನನ್ನ ಮಾರಿ ನೋಡಿದಾ.

"ಎಲ್ಲಿಗೆ ಹೊಂಟೀ ನೀಲವ್ವಾ?" ಅಂದೆ.

ಆಕಿ ಅವ್ವ "ಅಯ್ಯ ಶಿವನ!" ಅಂತ ಬಾಯಿ ಮ್ಯಾಲ ಕೈ ಇಟ್ಕೊಂಡ್ಳು. ನೀಲವ್ವ ಟ್ರಂಕು ಇಳಿಸಿ, ತಿರುಗಿ ಒಳಗ ಬಂದು ಕುಂತ್ಳು.

"ಹಾಸ್ಟೆಲ್ಲಿಗ್ರಿ. ದೀಪಾವಳಿಗೆ ಬರ್ತೀನ್ರಿ."

ನಾ ಒಲಿ ಹಚ್ಚಿದೆ. ಹೊರಗ ಮೈದುನ ನಮ್ಮ ಕಡೆ ಬೆನ್ನು ಮಾಡಿ, ಸರಿ ಇದ್ದ ಸೈಕಲ್ ಚೈನು ಸರಿ ಮಾಡಕೋತ ಕುಂತಿದ್ದ. ಈ ಸಲ ಚಾಕ್ಕ ಎರಡು ಚಮಚಿ ಸಕ್ರಿ ಹೆಚ್ಚ ಹಾಕಿದೆ.