ಹಬ್ಬವಿಲ್ಲದ ಮನೆಯಿಂದ ಹೊರಟ ಉಂಡೆ

"ಈ ದೀಪಾವಳಿಗೆ ನನ್ನ ಬಾಗಿಲು ತಟ್ಟಿದವರ ಕೈ ಮುರೀತೀನಿ!" ಎಂದು ಹೊಲಿಗೆಯಮ್ಮ ಶಪಥ ಮಾಡಿದಳು. ಕೇಳಿಸಿಕೊಂಡದ್ದು ಹೊಲಿಗೆ ಮಿಷನ್ನು ಒಂದೇ.

ಗಂಡ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳಿಗೆ ಹಬ್ಬ ಬೇಡ, ದೀಪ ಬೇಡ. ಎಲ್ಲಕ್ಕಿಂತ ಮೊದಲು ಆ "ಅಯ್ಯೋ ಪಾಪ" ಬೇಡ. ಯಾರ ಕನಿಕರವನ್ನೂ ಹೊರದೆ ಈ ಒಂದು ದಿನ ದಾಟಿಬಿಟ್ಟರೆ ಅವಳು ಗೆದ್ದ ಹಾಗೆ.

ಬೆಳಕು ಹರಿಯುವ ಮುಂಚೆಯೇ ಬಾಗಿಲು ಬಡಿದ ಸದ್ದು. ನಾದಿನಿ! ಕಂಕುಳಲ್ಲಿ ಕೊಡದಂಥ ಡಬ್ಬಿ.

"ಅತ್ತಿಗೆ, ಸಾವಾದ ಮನೇಲಿ ವರ್ಷ ತುಂಬೋ ತನಕ ಹಬ್ಬದಡುಗೆ ಮಾಡಬಾರದು. ಅದಕ್ಕೆ ನಾನೇ ಉಂಡೆ ಕಟ್ಟಿ ತಂದೆ. ಬಾಯಿ ಸಿಹಿ ಮಾಡ್ಕೊಳ್ಳಿ, ಪಾಪ."

ಶಪಥದ ಆಯುಸ್ಸು ಅಷ್ಟೇ. ಸ್ವಂತ ನಾದಿನಿಯ ಕೈ ಮುರಿಯೋಕಾಗುತ್ತಾ? ಹೊಲಿಗೆಯಮ್ಮ ಮುಚ್ಚಳ ತೆಗೆದು ನೋಡಿದಳು. ಅದು ಉಂಡೆಯಲ್ಲ, ಫಿರಂಗಿ ಗುಂಡು! ಒಂದೊಂದರ ನೆತ್ತಿಗೂ ಒಂದೊಂದು ಲವಂಗದ ಜುಟ್ಟು. ನಾದಿನಿ ನಡುನೋವು ಅಂತ ಒಳಗೆ ಹೋಗಿ ಮಲಗಿದಳು. ಸಂಜೆ ಹೊರಡುವವಳು.

ಆಮೇಲೆ ಎದುರುಮನೆ ಟೀಚರಮ್ಮ. ಕೈಯಲ್ಲಿ ಬರ್ಫಿ ಡಬ್ಬಿ, ಬಾಯಲ್ಲಿ ಪಾಠ.

"ದೀಪ ಅಂದ್ರೆ ಜ್ಞಾನ. ನರಕಾಸುರ ಅಂದ್ರೆ ನಮ್ಮೊಳಗಿನ ಅಜ್ಞಾನ. ಅವನು ಸತ್ತ ಸಂತೋಷಕ್ಕೇ ಈ ಹಬ್ಬ."

"ಅವನ ಹೆಂಡತಿ ಅವತ್ತು ಏನು ಮಾಡಿದಳು?"

"ಯಾರ ಹೆಂಡತಿ?"

"ನರಕಾಸುರನ ಹೆಂಡತಿ. ದೀಪ ಹಚ್ಚಿದಳಾ?"

ಟೀಚರಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ಅದು ಕಥೇಲಿ ಬರಲ್ಲ" ಎಂದು ಡಬ್ಬಿ ಕೊಟ್ಟು ಜಾಗ ಖಾಲಿ ಮಾಡಿದಳು.

ಕೆಳಮನೆಯ ಬ್ಯಾಂಕಿನಮ್ಮ ಬಟ್ಟಲ ತುಂಬ ಹಲ್ವ ತಂದಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಕೊಕ್ಕರೆಯ ಹಾಗೆ ಕತ್ತು ಮಾತ್ರ ಚಾಚಿದಳು. ಮೇಲಿನ ಮನೆಯ ಟ್ಯಾಕ್ಸಿಯವನೋ, ಬೇಕರಿ ಪೊಟ್ಟಣವನ್ನು ಚಿಲಕಕ್ಕೆ ಸಿಕ್ಕಿಸಿ ಮಾತೇ ಆಡದೆ ಹೋದ. ಅವನ ಒದ್ದೆ ಲುಂಗಿ ದಿನಾ ಇವಳು ಇಸ್ತ್ರಿ ಮಾಡಿ ಕಿಟಕಿಗೆ ತೂಗುಹಾಕಿದ ರವಿಕೆಗಳ ಮೇಲೇ ತೊಟ್ಟಿಕ್ಕುತ್ತಿತ್ತು. ಇಡೀ ಕಟ್ಟಡದಲ್ಲಿ ಅವಳು ಹೆಚ್ಚು ಬೈದದ್ದು ಅವನನ್ನೇ.

ಈಗ ಬಂತು ಪೇಚು. ಕೊಟ್ಟ ಪಾತ್ರೆ ಖಾಲಿ ಹಿಂತಿರುಗಿಸಬಾರದು. ಇದು ಶಾಸ್ತ್ರ. ಸಾವಾದ ಮನೆಯಲ್ಲಿ ಹಬ್ಬದಡುಗೆ ಮಾಡಬಾರದು. ಇದೂ ಶಾಸ್ತ್ರ! ಎರಡು ಶಾಸ್ತ್ರದ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆ ಅವಳು. ಚಮಚ ಸಕ್ಕರೆ ಹಾಕಿ ಕೊಟ್ಟರೂ ನಡೆಯುತ್ತಿತ್ತು. ಆದರೆ ಸಕ್ಕರೆ ನೋಡಿದ ತಕ್ಷಣ ಅಂದುಬಿಡುತ್ತಾರಲ್ಲ, "ಅಯ್ಯೋ ಪಾಪ, ಒಂಟಿ ಹೆಂಗಸು" ಅಂತ!

ಹೊಲಿಗೆಯಮ್ಮನಿಗೆ ದಿವ್ಯ ಉಪಾಯ ಹೊಳೆಯಿತು. ಬ್ಯಾಂಕಿನಮ್ಮನ ಹಲ್ವ ಟೀಚರಮ್ಮನ ಡಬ್ಬಿಗೆ. ಟೀಚರಮ್ಮನ ಬರ್ಫಿ ನಾದಿನಿಯ ಡಬ್ಬಿಗೆ. ನಾದಿನಿಯ ಉಂಡೆ ಅರ್ಧ ಬ್ಯಾಂಕಿನಮ್ಮನ ಬಟ್ಟಲಿಗೆ. ಉಳಿದರ್ಧ ತನ್ನದೇ ಸ್ಟೀಲ್ ಡಬ್ಬಿಗೆ ಸುರಿದು ಮೇಲಿನ ಮನೆಗೆ. ಆ ಲುಂಗಿಯವನ ಋಣ ಯಾವನಿಗೆ ಬೇಕು? ಎಲ್ಲ ಹಂಚಿ ಬಂದು ಕಾಲು ಚಾಚಿ ಕೂತಳು. ದಿಗ್ವಿಜಯ ಮುಗಿಸಿದ ರಾಣಿಯ ಹಾಗೆ!

ಸಂಜೆ ನಾದಿನಿ ಹೊರಟಳು. ಮೆಟ್ಟಿಲಿಳಿದವಳು ಹತ್ತಿಕೊಂಡು ವಾಪಸ್ ಬಂದಳು. ಹಿಂದೆ ಬ್ಯಾಂಕಿನಮ್ಮ. ನಾದಿನಿಯ ಕೈಯಲ್ಲಿ ಪೇಪರ್ ಪೊಟ್ಟಣ.

"ಅತ್ತಿಗೆ! ಇವರು ನನ್ನನ್ನ ನಿಲ್ಲಿಸಿ, ನಮ್ಮನೆ ಉಂಡೆ ತಗೊಳ್ಳಿ ಅಂತ ಕೊಟ್ರು. ಬಿಚ್ಚಿದ್ರೆ ನನ್ನ ಲವಂಗ ನನ್ನನ್ನೇ ನೋಡ್ತಿದೆ!"

"ನಾನೇನ್ರೀ ಮಾಡ್ಲಿ?" ಬ್ಯಾಂಕಿನಮ್ಮ ಕೈ ತಿರುವಿದಳು. "ಸಾವಾದ ಮನೆಯಿಂದ ಬಂದದ್ದು ಹಬ್ಬದ ದಿನ ತಿನ್ನಬಾರದು. ನೀವು ಅದೇ ಮನೆಯವರಲ್ವಾ, ನಿಮಗೆ ನಡೆಯುತ್ತೆ ಅಂತ ಕೊಟ್ಟೆ."

ಹೊಲಿಗೆಯಮ್ಮನ ಮೈ ಉರಿಯಿತು. "ಓಹೋ! ಕೊಡೋಕೆ ಮೈಲಿಗೆ ಇಲ್ಲ, ತಗೊಳ್ಳೋಕೆ ಮಾತ್ರ ಮೈಲಿಗೆಯಾ?"

ಗಲಾಟೆಗೆ ಎದುರುಮನೆ ಬಾಗಿಲು ತೆರೆಯಿತು. "ಯಾರೂ ಮನಸ್ಸಿಗೆ ಹಚ್ಕೋಬೇಡಿ," ಎಂದಳು ಟೀಚರಮ್ಮ. "ನಾನೂ ತಿನ್ನಲಿಲ್ಲ. ಎಸೆಯೋಕೆ ಮನಸ್ಸು ಬರದೆ ಆ ಹಲ್ವನ ಕಾಗೆಗೆ ಹಾಕಿದೆ."

"ನನ್ನ ಹಲ್ವನ ಕಾಗೆಗಾ?" ಬ್ಯಾಂಕಿನಮ್ಮ ಕಿರುಚಿದಳು.

"ಅದು ನಿಮ್ಮದಾ? ಹಾಗಾದ್ರೆ ಸರಿ. ಕಾಗೆನೂ ಮುಟ್ಟಲಿಲ್ಲ!"

ಮೂವರೂ ಸೆರಗು ಸಿಕ್ಕಿಸಿ ನಿಂತರು. ಹಬ್ಬವಿಲ್ಲದ ಮನೆಯ ಮುಂದೆ ಪಟಾಕಿಯೋ ಪಟಾಕಿ! ಹೊಲಿಗೆಯಮ್ಮ ಗೋಡೆಗೊರಗಿದಳು. ಬೆಳಗಿನಿಂದ ತಾನು ಅಷ್ಟು ಮೀಸೆ ತಿರುವಿದ್ದು ಯಾತಕ್ಕೆ? ಅವಳ ಕೈಯಿಂದ ಹೋದದ್ದನ್ನು ಯಾರೂ ಬಾಯಿಗೇ ಇಟ್ಟಿರಲಿಲ್ಲ.

ಅಷ್ಟರಲ್ಲಿ ಮೇಲಿಂದ ದಡದಡ ಚಪ್ಪಲಿ ಸದ್ದು. ಟ್ಯಾಕ್ಸಿಯವನು. ಒಂದು ಕೆನ್ನೆ ಊದಿ ಪೂರಿಯಾಗಿತ್ತು. ಅವಳ ಸ್ಟೀಲ್ ಡಬ್ಬಿ ಮುಂದೆ ಹಿಡಿದ.

"ನಿಮ್ಮ ಉಂಡೆ ಡಬ್ಬಿನ ಖಾಲಿ ಕೊಡಬಾರದಂತೆ. ಹಾಕೋಕೆ ನನ್ನ ಹತ್ರ ಏನೂ ಇಲ್ಲಮ್ಮ."

"ಉಂಡೆ ಏನಾಯ್ತು?" ಎಂದು ಮೂವರೂ ಒಟ್ಟಿಗೆ ಕೇಳಿದರು.

"ತಿಂದೆ."

"ಅಷ್ಟೂ?" ಕಟ್ಟಿದವಳೇ ಬೆಚ್ಚಿಬಿದ್ದಳು! ಆಮೇಲೆ ಎದೆಯುಬ್ಬಿಸಿ, "ರುಚಿ ಹೇಗಿತ್ತಣ್ಣ?" ಎಂದಳು.

"ಸಿಮೆಂಟಿಗೆ ಸಕ್ಕರೆ ಬೆರೆಸಿದ ಹಾಗೆ. ದವಡೆ ಹಲ್ಲು ಅಲ್ಲಾಡ್ತಿದೆ." ಅವನು ಹೊಲಿಗೆಯಮ್ಮನ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ. ದುಃಖದಲ್ಲಿದ್ದಾಗ ಯಾರ ಕೈಗೂ ಹದ ಸಿಗಲ್ಲ."

"ಅದು ನಾನು ಮಾಡಿದ್ದಲ್ಲ. ಇವಳು ಮಾಡಿದ್ದು."

ಟ್ಯಾಕ್ಸಿಯವನು ಕೆನ್ನೆ ಹಿಡಿದುಕೊಂಡು ಕೂಗಿದ. "ಮೊದಲೇ ಹೇಳಬಾರದಿತ್ತೇನಮ್ಮ! ನೀವು ಕಷ್ಟಪಟ್ಟು ಮಾಡಿದ್ದು ಅಂತ ಕಣ್ಣುಮುಚ್ಚಿ ನುಂಗಿದೆ. ಇವರದು ಅಂತ ಗೊತ್ತಿದ್ರೆ ಗಾಡಿ ಚಕ್ರಕ್ಕೆ ಅಡ್ಡ ಇಡ್ತಿದ್ದೆ!"

ಹೊಲಿಗೆಯಮ್ಮನ ಬಾಯಿಗೇ ಹೊಲಿಗೆ ಬಿತ್ತು. ಖಾಲಿ ಡಬ್ಬಿ ಇಸಿದುಕೊಂಡು ಬಾಗಿಲ ಪಕ್ಕಕ್ಕೆ ಸರಿದು ನಿಂತಳು.

"ಬನ್ನಿ ಅಣ್ಣ, ಉಪ್ಪುನೀರು ಕಾಯಿಸಿ ಕೊಡ್ತೀನಿ. ಹಲ್ಲಿಗೆ."