ಮೊಳದುದ್ದದ ಇಂಜಿನ್ನಿಗೆ ಬಕೆಟ್ ತುಂಬ ಹಸಿರು

ಹಸಿರಿನಲ್ಲಿ ಎಷ್ಟು ಬಗೆ ಅಂತ ನಿಮ್ಮನ್ನು ಕೇಳಿದರೆ ಗಿಳಿ ಹಸಿರು, ಎಲೆ ಹಸಿರು, ಪಾಚಿ ಹಸಿರು ಎಂದು ಮೂರಕ್ಕೇ ತಲೆ ಕೆರೆದುಕೊಳ್ಳುತ್ತೀರಿ. ನಾನು ಅರವತ್ತೆರಡು ಹೇಳುತ್ತೇನೆ, ಅದೂ ಒಂದೇ ಉಸಿರಿಗೆ! ದರ್ಜಿಗಳಿಗೆ ದಾರ, ಗುಂಡಿ ಮಾರುವ ಅಂಗಡಿ ನನ್ನದು. ದರ್ಜಿ ಒಂದು ಬಟ್ಟೆ ಚೂರು ತಂದು ಕೊಟ್ಟರೆ ಬಾಗಿಲ ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತೇನೆ, ಅಷ್ಟೇ. ಕೈ ತಾನಾಗಿಯೇ ಸರಿಯಾದ ರೀಲಿಗೆ ಹೋಗುತ್ತದೆ. ಹೊಲಿದಾದ ಮೇಲೆ ಹೊಲಿಗೆ ಎಲ್ಲಿದೆ ಅಂತ ಹೊಲಿದವನೇ ಹುಡುಕಬೇಕು.

ಇಂಥ ದಿವ್ಯದೃಷ್ಟಿಯವನು ಒಂದು ದಿನ ಊಟದ ಮೇಜಿನ ಮುಂದೆ ಘೋಷಿಸಿದೆ: "ನಿಮ್ಮಪ್ಪನ ಎಂಬತ್ತನೇ ಹುಟ್ಟುಹಬ್ಬಕ್ಕೆ ಅವರು ಓಡಿಸುತ್ತಿದ್ದ ಉಗಿ ಇಂಜಿನ್ನಿನ ಮಾದರಿ ಮಾಡಿ ಕೊಡ್ತೀನಿ. ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ."

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸ್ವೆಟರ್ ಕೊಡೋಣ ರೀ. ಅಪ್ಪನಿಗೆ ಚಳಿ ತಡೆಯೋಕಾಗಲ್ಲ."

ಅವಳಿಗೇನು ಗೊತ್ತು ನನ್ನ ಸಂಕಟ! ನಮ್ಮ ಮಾವನವರು ಮೂವತ್ತು ವರ್ಷ ಒಂದೇ ಇಂಜಿನ್ ಓಡಿಸಿದ ಡ್ರೈವರ್. ಅವರ ಬಾಯಲ್ಲಿ ಮೆಚ್ಚುಗೆಯ ಮಾತು ಒಂದೇ: "ಭೇಷ್". ಅದನ್ನು ಅವರು ಬೀದಿ ತುದಿಯ ಸೈಕಲ್ ರಿಪೇರಿಯವನಿಗೆ ಹೇಳಿದ್ದಾರೆ, ಪಕ್ಕದ ಮನೆ ನಾಯಿಗೆ ಹೇಳಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿಲ್ಲ. ಅವರ ಮನೆಯಲ್ಲಿ ನಾನು ಗೋಡೆಗೆ ಹೊಡೆದ ಶೆಲ್ಫು ಮೂರನೇ ದಿನ ಬಿತ್ತು, ನಿಜ. ನಾನು ರಿಪೇರಿ ಮಾಡಿದ ನಲ್ಲಿ ಆಮೇಲೆ ಎರಡು ಕಡೆ ಸೋರಿತು, ಅದೂ ನಿಜ. ಆಗೆಲ್ಲ ಅವರು ತುಂಬ ಮರ್ಯಾದೆಯಿಂದ "ಇರಲಿ ಬಿಡಿ ಅಳಿಯಂದಿರೇ" ಅನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚುವ ಮೊದಲು ಅವರಿಂದ ಒಂದು ಭೇಷ್ ಗಿಟ್ಟಿಸಲೇಬೇಕು ಅಂತ ನನಗೆ ಹಟ.

ಇಂಜಿನ್ನಿನ ಬಿಡಿಭಾಗಗಳ ಡಬ್ಬ ತರಿಸಿ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡು, ಒಂದು ತಿಂಗಳಲ್ಲಿ ಮೊಳದುದ್ದದ ಇಂಜಿನ್ ಜೋಡಿಸಿ ನಿಲ್ಲಿಸಿದೆ. ಚಕ್ರ ತಿರುಗುತ್ತಿತ್ತು! ಇನ್ನು ಉಳಿದದ್ದು ಬಣ್ಣ. ಅದು ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡೆ.

ಇದ್ದ ಒಂದೇ ಫೋಟೋ ಕಪ್ಪು ಬಿಳುಪಿನದು. ಆದರೆ ನಮ್ಮ ಮಂಚದ ಕೆಳಗೆ ತಗಡಿನ ಪೆಟ್ಟಿಗೆಯೊಂದಿದೆ. ಮದುವೆಗೆ ಮುಂಚೆ ನನ್ನ ಹೆಂಡತಿ ಹಾಸ್ಟೆಲಿಗೆ ಹೊರಟಾಗ ಮಾವನವರು ಇಂಜಿನ್ನಿಗೆ ಬಳಿದು ಮಿಕ್ಕಿದ ಬಣ್ಣವನ್ನೇ ತಂದು ಬಳಿದು ಕೊಟ್ಟದ್ದು. ಹೊರಗೆಲ್ಲ ಬಣ್ಣ ಮಾಸಿತ್ತು. ಬೀಗದ ಪಟ್ಟಿಯ ಸ್ಕ್ರೂ ಬಿಚ್ಚಿದೆ ನೋಡಿ, ಅದರಡಿ ಆವತ್ತು ಬಳಿದ ಹಾಗೇ ಗಟ್ಟಿ ಹಸಿರು! ಪೆಟ್ಟಿಗೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬಣ್ಣದಂಗಡಿಗೆ ಓಡಿದೆ.

"ಪೆಟ್ಟಿಗೆಗೆ ಬಳಿಯೋಕಾ ಸಾರ್?" ಅಂದ ಅಂಗಡಿಯವನು.

"ಅಲ್ಲ, ಇಂಜಿನ್ನಿಗೆ."

ಅವನು ಎದ್ದು ನಿಂತ. "ಎಷ್ಟು ಡ್ರಮ್ ಬೇಕಾಗಬಹುದು?"

"ಎರಡು ಚಮಚ ಸಾಕು."

ಅವನು ಕೂತ. ಒಂದು ಲೀಟರಿಗಿಂತ ಕಡಿಮೆ ಕೊಡುವುದಿಲ್ಲವಂತೆ, ಇಂಥದೇ ಹಸಿರು ಅಂತ ಸಿಗುವುದೂ ಇಲ್ಲವಂತೆ. "ಹಸಿರು, ಹಳದಿ, ನೀಲಿ, ಬಿಳಿ ತಗೊಂಡು ಹೋಗಿ ಬೆರೆಸಿಕೊಳ್ಳಿ. ನಿಮಗೆ ಕಣ್ಣು ಚೆನ್ನಾಗಿದ್ದರೆ ಆಯ್ತು," ಅಂದ. ನನ್ನ ಕಣ್ಣಿನ ಬಗ್ಗೆ ನನ್ನ ಹತ್ತಿರವೇ ಅನುಮಾನ! ನಾಲ್ಕು ಡಬ್ಬ ಕಟ್ಟಿಸಿಕೊಂಡು ಬಂದೆ.

ಇಲ್ಲಿ ನಾನೊಂದು ವಿಷಯ ಮರೆತಿದ್ದೆ. ದಾರ ಒಣಗುವುದಿಲ್ಲ, ಬಣ್ಣ ಒಣಗುತ್ತದೆ! ಬಟ್ಟಲಿನಲ್ಲಿ ಬೆರೆಸುವಾಗ ಪೆಟ್ಟಿಗೆಯ ಹಸಿರೇ. ಅಡುಗೆಮನೆ ಬಾಗಿಲಿಗೆ ಒಂದು ಪಟ್ಟಿ ಬಳಿದು, ಕಾಫಿ ಕುಡಿದು ಬಂದು ನೋಡಿದರೆ ಎರಡು ಪಟ್ಟು ಕಪ್ಪು. ಹಳದಿ ಸುರಿದೆ. ಒಣಗಿದ ಮೇಲೆ ಕಾಮಾಲೆ ಬಂದವರ ಮುಖದ ಹಾಗಾಯಿತು. ನೀಲಿ ಸುರಿದೆ. ನವಿಲಾಯಿತು. ಇಂಜಿನ್ ಡಬ್ಬದೊಳಗಿನ ಸೂಚನೆ ಓದಿದರೆ, ಚಿಕ್ಕ ವಸ್ತುವಿಗೆ ನಿಜ ಬಣ್ಣ ಬಳಿದರೆ ಹೆಚ್ಚು ಗಾಢವಾಗಿ ಕಾಣುತ್ತದೆ, ತುಸು ಬಿಳಿ ಸೇರಿಸಿ ಅಂತಿತ್ತು. ಸೇರಿಸಿದೆ. ಆಸ್ಪತ್ರೆಯ ಗೋಡೆಯಾಯಿತು. ಪ್ರತಿ ಸಲ ತಪ್ಪು ತಿದ್ದಲು ಇನ್ನಷ್ಟು ಬಣ್ಣ, ಆ ಬಣ್ಣದ ತಪ್ಪು ತಿದ್ದಲು ಮತ್ತಷ್ಟು. ಎರಡು ಚಮಚ ಬಟ್ಟಲಾಯಿತು, ಬಟ್ಟಲು ಪಾತ್ರೆಯಾಯಿತು, ಪಾತ್ರೆ ಕೊನೆಗೆ ಬಟ್ಟೆ ನೆನೆಸುವ ಬಕೆಟ್ಟಾಯಿತು!

ಕೋಣೆಗೊಂದು ಬೆಳಕು ಬೇರೆ. ಟ್ಯೂಬ್‌ಲೈಟಿನಲ್ಲಿ ಹೇಗೆ ಕಾಣುತ್ತದೋ ಅಂತ ಬಚ್ಚಲ ಬಾಗಿಲಿಗೆ, ಬಿಸಿಲಲ್ಲಿ ಹೇಗೋ ಅಂತ ಗೇಟಿಗೆ, ನೆರಳಲ್ಲಿ ಹೇಗೋ ಅಂತ ಫ್ರಿಜ್ಜಿನ ಪಕ್ಕಕ್ಕೆ ಪಟ್ಟಿ ಬಳಿಯುತ್ತಾ ಹೋದೆ. ಹತ್ತೊಂಬತ್ತನೇ ಪಟ್ಟಿ ಹಾಲಿನ ಕುರ್ಚಿಯ ಬೆನ್ನಿಗೆ. ಅದರ ಮೇಲೆ ಒರಗಿ ಕೂತು ಬೂಟು ಹಾಕಿಕೊಂಡು ನನ್ನ ಹೆಂಡತಿ ಪೋಸ್ಟಾಫೀಸಿನ ಕೆಲಸಕ್ಕೆ ಹೋದಳು.

ಸಂಜೆ ಬಂದವಳು ಒಂದೊಂದೇ ಮಾತು ತೂಗಿ ನಿಧಾನವಾಗಿ ಮಾತಾಡಿದಳು. "ಇವತ್ತು ನಾನು ತಿರುಗಿದಾಗಲೆಲ್ಲ ಕೌಂಟರಿಗೆ ಬಂದವರು ನನ್ನ ಬೆನ್ನು ನೋಡಿ ನಕ್ಕರು. ಯಾಕೆ ಅಂತ ಮಧ್ಯಾಹ್ನ ಗೊತ್ತಾಯ್ತು."

ನಾನು ಮಾಡಬಾರದಿತ್ತು, ಆದರೆ ಅಭ್ಯಾಸಬಲ. ಅವಳು ತೊಟ್ಟಿದ್ದ ಕೋಟಿನ ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ, ಪೆಟ್ಟಿಗೆ ಪಕ್ಕಕ್ಕಿಟ್ಟೆ. "ಲೇ, ಇದೇ ಕಣೇ! ಸರಿಯಾಗಿ ಇದೇ ಹಸಿರು! ಬೆನ್ನು ತಿರುಗಿಸು, ಇನ್ನೊಂದು ಸಲ ನೋಡ್ತೀನಿ."

"ರೀ, ನನಗೂ ಒಂದು ಶಿಳ್ಳೆ ಕಟ್ಟಿಬಿಡಿ. ನಾಳೆಯಿಂದ ಹಳಿ ಮೇಲೇ ಆಫೀಸಿಗೆ ಹೋಗ್ತೀನಿ." ಬಾಗಿಲು ಧಡಾರೆಂದು ಮುಚ್ಚಿತು. ಬೈದರೂ ಚಿಂತೆಯಿಲ್ಲ, ಹಸಿರು ಸಿಕ್ಕಿತ್ತು. ಮರುದಿನವೇ ಇಂಜಿನ್ನಿಗೆ ಮೂರು ಕೋಟು ಬಳಿದು, ಕನ್ನಡಿಯಂತೆ ಹೊಳೆಯಿಸಿದೆ. ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ಎಲ್ಲಿ ಪೆಟ್ಟಿಗೆ ಮುಗಿದು ಇಂಜಿನ್ ಶುರುವಾಯಿತು ಅಂತ ಹೇಳುವ ಹಾಗಿರಲಿಲ್ಲ. ನನಗೇ ನನ್ನ ಮೇಲೆ ಗೌರವ ಬಂತು.

ಹುಟ್ಟುಹಬ್ಬದ ದಿನ ಮಾವನವರು ನಮ್ಮ ಮನೆಗೇ ಬಂದರು. ಮೇಜಿನ ಮೇಲಿದ್ದ ಇಂಜಿನ್ನಿಗೆ ಹೊದಿಸಿದ್ದ ಬಟ್ಟೆ ಸರಿಸಿದೆ. ಅವರು ಕನ್ನಡಕ ಹಾಕಿಕೊಂಡರು, ಬಗ್ಗಿ ನೋಡಿದರು, ಸುತ್ತು ಬಂದು ನೋಡಿದರು.

"ಚೆನ್ನಾಗಿದೆ. ಯಾರ ಇಂಜಿನ್ ಅಳಿಯಂದಿರೇ ಇದು?"

"ನಿಮ್ಮದೇ ಮಾವ. ನೀವು ಓಡಿಸಿದ್ದು."

"ನನ್ನದಾ? ನನ್ನದು ಕಪ್ಪಲ್ಲವೇ."

"ಹಸಿರು ಮಾವ! ಪೆಟ್ಟಿಗೆಗೆ ನೀವೇ ಬಳಿದಿದ್ದೀರಿ."

"ಓ, ಅದಾ. ಬಳಿಯೋದೇನೋ ಹಸಿರೇ ಬಳೀತಿದ್ದರು. ಕಲ್ಲಿದ್ದಲ ಹೊಗೆ, ಎಣ್ಣೆ ಜಿಡ್ಡು, ಎರಡೇ ದಿನ, ಕಪ್ಪಾಗಿಬಿಡೋದು. ಇಂಜಿನ್ ಬಣ್ಣಕ್ಕೆ ಹೋದಾಗಲೇ ನಮಗೂ ರಜೆ. ನಾನು ವಾಪಸು ಬರೋ ಹೊತ್ತಿಗೆ ಮಸಿ ಹತ್ತಿರೋದು." ಆಮೇಲೆ ಮಗಳ ಕಡೆ ತಿರುಗಿದರು. "ತಳಕ್ಕೆ ಮಸಿ ಹಿಡಿದ ಬಾಣಲೆ ಏನಾದರೂ ಇದೆಯಾಮ್ಮ?"

ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಚುರುಕಾಗಿ ಅಡುಗೆಮನೆಗೆ ಹೋದದ್ದನ್ನು ನಾನು ನೋಡಿರಲಿಲ್ಲ.

ಮಾವನವರು ಬಾಣಲೆಯ ತಳಕ್ಕೆ ಹೆಬ್ಬೆರಳು ಒತ್ತಿ ಇಂಜಿನ್ನಿನ ಬಾಯ್ಲರಿಗೆ ಎಳೆದರು. ನನ್ನ ಎದೆಯ ಮೇಲೇ ಎಳೆದ ಹಾಗಾಯಿತು. ಮುಖಕ್ಕೆ ಮಸಿ ಬಳಿಯುವುದು ಅಂತ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಹೊಗೆಕೊಳವೆಯ ಬುಡಕ್ಕೆ ಜಾಸ್ತಿ, ಚಕ್ರದ ಮೇಲೆ ತೆಳುವಾಗಿ, ಅವರ ಬೆರಳಿಗೆ ಎಲ್ಲ ನೆನಪಿತ್ತು. ಬಳಿಯುತ್ತಾ ಬಳಿಯುತ್ತಾ ಅವರು ನಮ್ಮನ್ನು ಮರೆತರು. "ಏರು ಬಂದರೆ ಏದುಸಿರು ಬಿಡ್ತಿದ್ದೆ ಅಲ್ವೇನೇ ನೀನು," ಅಂತ ಅದರ ಜೊತೆ ಮಾತಾಡಿದರು. ನನ್ನ ಹೊಟ್ಟೆಯುರಿ ಅಲ್ಲಿಗೆ ತಣ್ಣಗಾಯಿತು. ಎಂಬತ್ತರ ಮುದುಕ ಐವತ್ತಾಗುವುದನ್ನು ನೋಡುತ್ತಾ ಯಾರು ತಾನೇ ಮುನಿಸಿಕೊಂಡಾರು?

ಕೊನೆಗೆ ಅವರು ಕರವಸ್ತ್ರದ ತುದಿಯಿಂದ ಡ್ರೈವರನ ಕಿಟಕಿಯ ಕೆಳಗೆ ಉಗುರಗಲ ಜಾಗ ಒರೆಸಿದರು. ಮಸಿಯ ನಡುವೆ ನನ್ನ ಹಸಿರು ಇಣುಕಿತು.

"ಇಲ್ಲಿ ನಂಬರ್ ಇತ್ತು. ದಿನಾ ಹತ್ತೋ ಮುಂಚೆ ಇಷ್ಟು ಮಾತ್ರ ಒರೆಸ್ತಿದ್ದೆ," ಎಂದರು. ತುಂಬ ಹೊತ್ತು ನೋಡಿದರು. ಕಣ್ಣು ತೇವವಾಗಿತ್ತು. "ಇದೇ ಹಸಿರು. ಇದೇ."

ನಾನು ಹೆಂಡತಿಯನ್ನು ನೋಡಿದೆ. ಅವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾವನವರು ಇಂಜಿನ್ನಿನಿಂದ ತಲೆ ಎತ್ತಿ ಎದೆ ತುಂಬಿ ಅಂದರು: "ಭೇಷ್."

ಕೊನೆಗೂ! "ಎಲ್ಲ ನಿಮ್ಮ ಆಶೀರ್ವಾದ ಮಾವ," ಎಂದು ಕೈಮುಗಿದೆ.

"ನಿಮಗಲ್ಲ ಅಳಿಯಂದಿರೇ," ಎಂದರು ಅವರು. "ಬಾಣಲೆಗೆ."